ವಿದ್ಯುತ್ ಗಿಟಾರಿಗೆ ತಕ್ಕ ಆಂಪ್ಲಿಫೈಯರ್

ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಸಂತ ಶರೀಫರ (೧೮೧೯–೧೮೮೯) ತತ್ತ್ವಪದಗಳನ್ನು ನಮ್ಮ ಹಿರಿಯರು ಏಕತಾರಿ, ದಮ್ಮಡಿ, ತಾಳಗಳ ಮೇಳದಲ್ಲಿ ಕೇಳುತ್ತ ಬಂದರು. ಅವೇ ಪದಗಳನ್ನು ಇಂದಿನ ತರುಣರು ಗಿಟಾರಿನೊಡನೆ ಹಾಡುತ್ತಿದ್ದಾರೆ. ರಘು ದೀಕ್ಷಿತರು ೨೦೦೮ರಲ್ಲಿ ಹೊರತಂದ ಗೀತಸಂಪುಟದಲ್ಲಿ ಶರೀಫರ ಪದಗಳು ಸೇರಿದ ಮೇಲೆ ಈ ಬಗೆಯ ಗಾಯನ ಕಾಲೇಜುಗಳ ವೇದಿಕೆಗಳಲ್ಲಿಯೂ ಪರಿಚಿತವಾಯಿತು. ಸಂಗೀತವೆಂಬುದು ಈ ಸೀಮೆಗೆ ಹೊಸದೇನಲ್ಲ. ಪಂಚಾಕ್ಷರಿ ಗವಾಯಿಗಳು ಹುಟ್ಟಿದ ಕಾಡಶೆಟ್ಟಿಹಳ್ಳಿ, ಪುಟ್ಟರಾಜ ಗವಾಯಿಗಳು ಹುಟ್ಟಿದ ದೇವಗಿರಿ ಎರಡೂ ಹಾನಗಲ್ ತಾಲ್ಲೂಕಿನವೇ. ಗಂಗೂಬಾಯಿಯವರ ಹೆಸರಿನೊಡನೆ ಸೇರಿ ಹಾನಗಲ್ಲಿನ ಹೆಸರು ದೇಶವನ್ನೆಲ್ಲ ಸುತ್ತಿ ಬಂದಿತು. ಹೊಸದಾಗಿರುವುದು ಸಂಗೀತವಲ್ಲ, ಅದರ ಜೊತೆಗೆ ಬಂದಿರುವ ಯಂತ್ರ.

ವಿದ್ಯುತ್ ಗಿಟಾರನ್ನು ಕೊಂಡ ವಿದ್ಯಾರ್ಥಿಯ ಮುಂದೆ ಕೂಡಲೇ ಇನ್ನೊಂದು ಖರ್ಚು ನಿಲ್ಲುತ್ತದೆ. ಆಂಪ್ಲಿಫೈಯರ್ ಇಲ್ಲದೆ ಆ ಗಿಟಾರು ಮೂಕವಾದ್ಯ. ಅಂಗಡಿಗೆ ಹೋದವನು ಸಾಧಾರಣವಾಗಿ ಕೇಳುವ ಮೊದಲ ಪ್ರಶ್ನೆ “ಇದು ಎಷ್ಟು ವ್ಯಾಟಿನದು?” ಎಂಬುದು. ವ್ಯಾಟು ಹೆಚ್ಚಿದಂತೆ ಬೆಲೆಯೂ ಹೆಚ್ಚುವುದರಿಂದ ಹೆಚ್ಚು ವ್ಯಾಟಿನದೇ ಉತ್ತಮವೆಂಬ ಭಾವನೆ ಸಹಜವಾಗಿ ಮೂಡುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ? ಮನೆಯವರು ಕಷ್ಟದಿಂದ ಕೂಡಿಸಿಕೊಟ್ಟ ಹಣವನ್ನು ಎಣಿಸಿ ಕೊಡುವ ಮೊದಲು ಈ ಯಂತ್ರ ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳುವುದು ಲೇಸು. ಇದಕ್ಕೆ ಬೇಕಾದ ಭೌತವಿಜ್ಞಾನವೆಲ್ಲ ಪ್ರೌಢಶಾಲೆಯ ಪಠ್ಯದಲ್ಲಿಯೇ ಇದೆ.

ತಂತಿಯ ಕಂಪನವು ವಿದ್ಯುತ್ತಾಗುವ ಬಗೆ

ಸಿತಾರು, ತಂಬೂರಿಗಳಲ್ಲಿ ತಂತಿಯ ಕಂಪನವನ್ನು ಟೊಳ್ಳಾದ ಬುರುಡೆ ಹೊರಗಿನ ಗಾಳಿಗೆ ಒಪ್ಪಿಸುತ್ತದೆ. ವಿದ್ಯುತ್ ಗಿಟಾರಿನ ಮೈ ಸಾಮಾನ್ಯವಾಗಿ ಗಟ್ಟಿ ಮರ, ಅದರಲ್ಲಿ ಬುರುಡೆಯಿಲ್ಲ. ಅದರ ಬದಲು ತಂತಿಗಳ ಕೆಳಗೆ ‘ಪಿಕಪ್’ ಎಂಬ ಒಂದು ಸಣ್ಣ ಸಾಧನವಿರುತ್ತದೆ. ಅಯಸ್ಕಾಂತವೂ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿಯೂ ಇದರ ಮುಖ್ಯ ಅಂಗಗಳು. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಅದುರಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಹೆಚ್ಚುತ್ತ ಕಡಿಮೆಯಾಗುತ್ತ ಇರುತ್ತದೆ. ಹೀಗೆ ಬದಲಾಗುವ ಕಾಂತಕ್ಷೇತ್ರವು ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ೧೮೩೧ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ಜೋಗದ ವಿದ್ಯುದಾಗಾರದಲ್ಲಿ ಶರಾವತಿಯ ನೀರು ಮಾಡಿಸುವ ಕೆಲಸವನ್ನು ಇಲ್ಲಿ ಬೆರಳಿನ ಒಂದು ಮೀಟು ಮಾಡಿಸುತ್ತದೆ!

ತಂತಿ ಸೆಕೆಂಡಿಗೆ ಎಷ್ಟು ಬಾರಿ ಅದುರುವುದೋ ವಿದ್ಯುತ್ತೂ ಅಷ್ಟೇ ಬಾರಿ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ದಪ್ಪ ತಂತಿಯ ಆವೃತ್ತಿ ಸುಮಾರು ೮೨, ತೆಳು ತಂತಿಯದು ಸುಮಾರು ೩೩೦. ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವೃತ್ತಿಯ ಉಪಸ್ವರಗಳೂ ಹುಟ್ಟುತ್ತವೆ. ಸಮಾನ ಶ್ರುತಿಯ ಎರಡು ವಾದ್ಯಗಳನ್ನು ನಮ್ಮ ಕಿವಿ ಬೇರೆ ಬೇರೆಯಾಗಿ ಗುರುತಿಸುವುದು ಈ ಉಪಸ್ವರಗಳ ಪ್ರಮಾಣದಿಂದಲೇ.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಈ ಬಗೆಯ ಪಿಕಪ್ ಅಯಸ್ಕಾಂತದ ಪ್ರಭಾವಕ್ಕೆ ಒಳಗಾಗುವ ಲೋಹವನ್ನು ಮಾತ್ರ ‘ಕೇಳಿಸಿಕೊಳ್ಳುತ್ತದೆ’. ಉಕ್ಕಿನ ತಂತಿಗೆ ಓಗೊಡುತ್ತದೆ. ಹಿತ್ತಾಳೆಯ ತಂತಿಗೆ ಓಗೊಡದು. ಹಿತ್ತಾಳೆ ಅಥವಾ ಕಂಚಿನ ಮಂದ್ರ ತಂತಿಗಳುಳ್ಳ ವೀಣೆಗೆ ಇದನ್ನು ಕಟ್ಟಿದರೆ ಮಂದ್ರಸ್ಥಾಯಿ ಕುಗ್ಗಿಹೋಗುವುದು ಇದೇ ಕಾರಣದಿಂದ. ಅಂತಹ ವಾದ್ಯಗಳಿಗೆ ಮೈಯ ಕಂಪನವನ್ನೇ ಗ್ರಹಿಸುವ ಬೇರೆ ಜಾತಿಯ ಪಿಕಪ್ಪು ಬೇಕು.

ನೂರು ಕೋಟಿ ಪಟ್ಟು

ಪಿಕಪ್ಪಿನಿಂದ ಹೊರಡುವ ವಿದ್ಯುತ್ತು ಅತ್ಯಲ್ಪವಾದುದು. ಲೆಕ್ಕಕ್ಕಾಗಿ ಅದನ್ನು ಒಂದು ವೋಲ್ಟಿನ ಹತ್ತನೆಯ ಒಂದು ಭಾಗ ಎಂದು ಇಟ್ಟುಕೊಳ್ಳೋಣ. ಗಿಟಾರಿನ ಆಂಪ್ಲಿಫೈಯರುಗಳ ಒಳದ್ವಾರದ ಅಡಚಣೆ ಸಾಧಾರಣವಾಗಿ ಹತ್ತು ಲಕ್ಷ ಓಮ್. ವೋಲ್ಟಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ಬರುವ ಸಾಮರ್ಥ್ಯ ಒಂದು ವ್ಯಾಟಿನ ಹತ್ತು ಕೋಟಿಯಲ್ಲೊಂದು ಭಾಗ. ಲೌಡ್‌ಸ್ಪೀಕರಿಗೆ ೧೦ ವ್ಯಾಟು ಬೇಕಾದರೆ ಸಾಮರ್ಥ್ಯವನ್ನು ನೂರು ಕೋಟಿ ಪಟ್ಟು ಹೆಚ್ಚಿಸಬೇಕು. ಆದರೆ ೮ ಓಮಿನ ಸ್ಪೀಕರಿನಲ್ಲಿ ೧೦ ವ್ಯಾಟಿಗೆ ಬೇಕಾದ ವೋಲ್ಟೇಜು ಸುಮಾರು ೯ ಮಾತ್ರ. ಅಂದರೆ ವೋಲ್ಟೇಜು ಹೆಚ್ಚಬೇಕಾದುದು ೯೦ ಪಟ್ಟು! ಮಿಕ್ಕ ಹೆಚ್ಚಳವೆಲ್ಲ ಪ್ರವಾಹದಲ್ಲಿ ಆಗಬೇಕು. ಗೋಡೆಯ ಪ್ಲಗ್ಗಿನಿಂದ ಬರುವ ಶಕ್ತಿಯನ್ನು ಗಿಟಾರಿನ ಕ್ಷೀಣ ಸಂಕೇತದ ಆಜ್ಞೆಯಂತೆ ಹರಿಯಬಿಡುವುದೇ ಆಂಪ್ಲಿಫೈಯರಿನ ಕೆಲಸ. ಕೆರೆಯ ತೂಬನ್ನು ಎತ್ತುವ ಕೈಯ ಶಕ್ತಿ ಅಲ್ಪ, ಹರಿಯುವ ನೀರಿನ ಶಕ್ತಿ ಅಪಾರ, ಇದೂ ಹಾಗೆಯೇ.

ಒಳದ್ವಾರದ ಅಡಚಣೆ ಇಷ್ಟು ಹೆಚ್ಚಿರುವುದಕ್ಕೆ ಕಾರಣವಿದೆ. ಅದು ಕಡಿಮೆಯಾದರೆ ಪಿಕಪ್ಪಿನ ಮೇಲೆ ಹೊರೆ ಬಿದ್ದು ಮೇಲಿನ ಉಪಸ್ವರಗಳು ಮೊದಲು ಮಾಯವಾಗುತ್ತವೆ, ನಾದ ಮಂಕಾಗುತ್ತದೆ. ಗಿಟಾರನ್ನು ಮನೆಯ ಸಂಗೀತಯಂತ್ರಕ್ಕೋ ಮೈಕ್‌ಸೆಟ್ಟಿಗೋ ನೇರವಾಗಿ ಸಿಕ್ಕಿಸಿದಾಗ ಜೀವವಿಲ್ಲದ ದನಿ ಬರುವುದು ಬಹುಮಟ್ಟಿಗೆ ಇದರಿಂದಲೇ.

ವಾಲ್ವೋ, ಟ್ರಾನ್ಸಿಸ್ಟರೋ?

ತೂಬಿನ ಕೆಲಸವನ್ನು ಮೊದಲು ಮಾಡಿದುದು ನಿರ್ವಾತ ನಳಿಗೆ, ಅಂದರೆ ವಾಲ್ವ್. ೧೯೦೬ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರು ವಿದ್ಯುದ್ದ್ವಾರಗಳ ವಾಲ್ವನ್ನು ರಚಿಸಿದನು. ಕಾಯ್ದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಆನೋಡಿನತ್ತ ಧಾವಿಸುತ್ತವೆ. ನಡುವೆ ಇರುವ ಜಾಲರಿಯ ವೋಲ್ಟೇಜನ್ನು ಕೊಂಚ ಬದಲಿಸಿದರೆ ಈ ಪ್ರವಾಹ ಬಹಳ ಬದಲಾಗುತ್ತದೆ. ೧೯೪೭ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಚರಿತ್ರೆಯಲ್ಲಿ ಈ ಎರಡೂ ಯುಗಗಳು ಅಕ್ಕಪಕ್ಕದಲ್ಲಿ ನಿಂತಿವೆ: ಅಲ್ಲಿ ೧೯೬೧ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭವಾಯಿತು, ಮರುವರ್ಷವೇ ಜರ್ಮೇನಿಯಮ್ ಅರೆವಾಹಕಗಳ ತಯಾರಿಕೆಯೂ ಮೊದಲಾಯಿತು.

ರೇಡಿಯೋಗಳಿಂದ ವಾಲ್ವು ಎಂದೋ ಮರೆಯಾಯಿತು. ಗಿಟಾರಿನ ಆಂಪ್ಲಿಫೈಯರಿನಲ್ಲಿ ಮಾತ್ರ ಅದು ಇಂದಿಗೂ ಉಳಿದುಕೊಂಡಿದೆ. ಇದು ಹಳೆಯದರ ಮೇಲಿನ ವ್ಯಾಮೋಹ ಮಾತ್ರವೇ? ಅಲ್ಲ. ಯಾವ ಆಂಪ್ಲಿಫೈಯರಿಗೂ ಒಂದು ಮಿತಿಯಿದೆ. ಸಂಕೇತ ಆ ಮಿತಿಯನ್ನು ಮೀರಿದಾಗ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಮೂಲದಲ್ಲಿ ಇಲ್ಲದ ಹೊಸ ಉಪಸ್ವರಗಳು ಹುಟ್ಟುತ್ತವೆ. ಸಾದಾ ಟ್ರಾನ್ಸಿಸ್ಟರ್ ಮಂಡಲ ಮಿತಿಯವರೆಗೆ ಶುದ್ಧವಾಗಿ ನಡೆದು ಅಲ್ಲಿ ಒಮ್ಮೆಲೆ ನೆತ್ತಿಯನ್ನು ಸಮತಟ್ಟಾಗಿ ಕತ್ತರಿಸುತ್ತದೆ. ಕಿವಿಗೆ ಅದು ಕರ್ಕಶ. ವಾಲ್ವು ಮಿತಿಯನ್ನು ಸಮೀಪಿಸುತ್ತಿದ್ದಂತೆ ನೆತ್ತಿಯನ್ನು ಮೆಲ್ಲಮೆಲ್ಲನೆ ದುಂಡಾಗಿಸುತ್ತದೆ. ಮೆಲ್ಲನೆ ಮೀಟಿದರೆ ಸ್ವಚ್ಛವಾದ ದನಿ, ಬಲವಾಗಿ ಮೀಟಿದರೆ ಒರಟು ದನಿ. ಬೆರಳಿನ ಭಾವಕ್ಕೆ ಯಂತ್ರ ಸ್ಪಂದಿಸಿದಂತಾಗುತ್ತದೆ. ಹಾಡಿನ ದನಿಯನ್ನು ವಿಕಾರಗೊಳಿಸಿದರೆ ಅದು ದೋಷ. ಗಿಟಾರಿನಲ್ಲಾದರೋ ಅದೇ ವಿಕಾರ ವಾದ್ಯದ ಗುಣಗಳಲ್ಲೊಂದಾಗಿದೆ.

ಈ ಗುಣವನ್ನು ಯಾರೂ ಮೊದಲೇ ಯೋಜಿಸಿರಲಿಲ್ಲ. ಕ್ಯಾಲಿಫೋರ್ನಿಯದಲ್ಲಿ ರೇಡಿಯೋ ದುರಸ್ತಿಯ ಅಂಗಡಿಯಿಟ್ಟಿದ್ದ ಲಿಯೋ ಫೆಂಡರ್ ತನ್ನ ಆಂಪ್ಲಿಫೈಯರುಗಳನ್ನು ಸ್ವಚ್ಛ ನಾದಕ್ಕಾಗಿ ಕಟ್ಟಿದನು. ಲಂಡನ್ನಿನಲ್ಲಿ ಡ್ರಮ್ಮುಗಳ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ತನ್ನ ಸಹಾಯಕರೊಡನೆ ೧೯೬೨ರ ಸುಮಾರಿಗೆ ಫೆಂಡರನ ‘ಬಾಸ್‌ಮನ್’ ಎಂಬ ಮಾದರಿಯನ್ನೇ ಅನುಸರಿಸಿ, ಇಂಗ್ಲೆಂಡಿನಲ್ಲಿ ದೊರೆಯುತ್ತಿದ್ದ ಭಾಗಗಳಿಂದ ತನ್ನದನ್ನು ಕಟ್ಟಿದನು. ಮಂಡಲ ಹೆಚ್ಚು ಕಡಿಮೆ ಒಂದೇ; ಭಾಗಗಳೂ ಸ್ಪೀಕರುಗಳೂ ಬೇರೆಯಾದುದರಿಂದ ದನಿಯೇ ಬೇರೆಯಾಯಿತು.

ಮೂರನೆಯ ಬಗೆಯೊಂದು ಇಂದು ಅಗ್ಗವಾಗಿ ದೊರೆಯುತ್ತಿದೆ. ಸಂಕೇತವನ್ನು ಸೆಕೆಂಡಿಗೆ ೪೪,೧೦೦ ಅಥವಾ ೪೮,೦೦೦ ಬಾರಿ ಅಳೆದು ಅಂಕಿಗಳಾಗಿ ಮಾರ್ಪಡಿಸಿ, ವಾಲ್ವಿನ ವರ್ತನೆಯನ್ನು ಗಣಿತದಿಂದ ಅನುಕರಿಸುವ ಡಿಜಿಟಲ್ ಆಂಪ್ಲಿಫೈಯರ್ ಇದು. ಹಲವು ಮಾದರಿಗಳ ದನಿಯನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತದೆ. ಅನೇಕ ಯಂತ್ರಗಳಲ್ಲಿ ಹೆಡ್‌ಫೋನಿನ ಸೌಕರ್ಯವೂ ಇರುತ್ತದೆ. ಕಲಿಯುವವರಿಗೆ ಇದು ಅನುಕೂಲ. ಕೆಟ್ಟರೆ ಊರಿನ ರೇಡಿಯೋ ರಿಪೇರಿಯವರ ಕೈಗೆ ಸುಲಭವಾಗಿ ಬಗ್ಗುವುದಿಲ್ಲ ಎಂಬುದೊಂದು ಕೊರತೆ.

ವ್ಯಾಟಿನ ಭ್ರಮೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಕಿವಿ ಸಾಮರ್ಥ್ಯವನ್ನು ನೇರವಾಗಿ ಅಳೆಯುವುದಿಲ್ಲ. ಸಾಮರ್ಥ್ಯ ಹತ್ತು ಪಟ್ಟಾದರೆ ಧ್ವನಿಯ ಮಟ್ಟ ೧೦ ಡೆಸಿಬೆಲ್ ಏರುತ್ತದೆ. ಕಿವಿಗೆ ಅದು ಸುಮಾರು ಎರಡು ಪಟ್ಟು ಗಟ್ಟಿಯಾಗಿ ಕೇಳಿಸುತ್ತದೆ, ಅಷ್ಟೆ. ೧೦೦ ವ್ಯಾಟಿನ ಯಂತ್ರ ೧೦ ವ್ಯಾಟಿನದರ ಎರಡರಷ್ಟು ಮಾತ್ರ ಗಟ್ಟಿ! ೧೫ ವ್ಯಾಟಿನದಕ್ಕೂ ೩೦ ವ್ಯಾಟಿನದಕ್ಕೂ ಇರುವ ಅಂತರ ಬರಿಯ ೩ ಡೆಸಿಬೆಲ್. ಬೆಲೆಯಲ್ಲಿ ಕಾಣುವ ಅಂತರ ಕಿವಿಯಲ್ಲಿ ಕಾಣದು.

ಸ್ಪೀಕರಿನ ಗುಣವೂ ಇಲ್ಲಿ ಮುಖ್ಯ. ಒಂದು ವ್ಯಾಟು ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರು ಎಷ್ಟು ಡೆಸಿಬೆಲ್ ಧ್ವನಿ ಕೊಡುವುದೆಂಬುದನ್ನು ಅದರ ಸಂವೇದನೆ ಎನ್ನುತ್ತಾರೆ. ೯೪ ಡೆಸಿಬೆಲ್ಲಿನ ಸ್ಪೀಕರಿಗೂ ೧೦೦ ಡೆಸಿಬೆಲ್ಲಿನದಕ್ಕೂ ಇರುವ ೬ ಡೆಸಿಬೆಲ್ ಅಂತರ, ಸಾಮರ್ಥ್ಯವನ್ನು ನಾಲ್ಕು ಪಟ್ಟು ಮಾಡಿದುದಕ್ಕೆ ಸಮ. ಒಳ್ಳೆಯ ಸ್ಪೀಕರುಳ್ಳ ೧೦ ವ್ಯಾಟಿನ ಯಂತ್ರವು ಸಾಮಾನ್ಯ ಸ್ಪೀಕರುಳ್ಳ ೪೦ ವ್ಯಾಟಿನದಕ್ಕೆ ಸರಿದೊರೆಯಾಗಬಲ್ಲದು.

ಒಂದು ಲೆಕ್ಕ ಮಾಡಿ ನೋಡೋಣ. ಸ್ಪೀಕರಿನ ಸಂವೇದನೆ ೯೭ ಡೆಸಿಬೆಲ್, ಸಾಮರ್ಥ್ಯ ೧೦ ವ್ಯಾಟು ಎನ್ನಿ. ಒಂದು ಮೀಟರಿನಲ್ಲಿ ಧ್ವನಿ ೧೦೭ ಡೆಸಿಬೆಲ್. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ೬ ಡೆಸಿಬೆಲ್ ಇಳಿಯುತ್ತದೆ. ೨ ಮೀಟರಿನಲ್ಲಿ ೧೦೧, ೪ರಲ್ಲಿ ೯೫, ೮ರಲ್ಲಿ ೮೯, ೧೬ರಲ್ಲಿ ೮೩, ೩೨ ಮೀಟರಿನಲ್ಲಿ ೭೭. ಕಾಲೇಜಿನ ಸಭಾಂಗಣಕ್ಕೆ ಇದು ಧಾರಾಳವಾಗಿ ಸಾಕು. ಜಾತ್ರೆಯ ಬಯಲಿನ ಹಿಂದಿನ ಸಾಲಿಗೆ ಸಾಲದೆಂದು ೧೦೦ ವ್ಯಾಟಿನದನ್ನು ತಂದರೆ ೩೨ ಮೀಟರಿನಲ್ಲಿ ೮೭ ಡೆಸಿಬೆಲ್ ದೊರೆಯುವುದು ನಿಜ. ಆದರೆ ಯಂತ್ರದ ಪಕ್ಕದಲ್ಲಿ ನಿಂತವನ ಕಿವಿಗೆ ೧೧೭ ಡೆಸಿಬೆಲ್ ಅಪ್ಪಳಿಸುತ್ತದೆ. ಬಯಲಿನ ಕಾರ್ಯಕ್ರಮಕ್ಕೆ ಸರಿಯಾದ ಉಪಾಯ ಬೇರೆಯೇ ಇದೆ. ಸಣ್ಣ ಆಂಪ್ಲಿಫೈಯರಿನ ಮುಂದೆ ಒಂದು ಮೈಕನ್ನು ಇಟ್ಟು, ಅದರ ಧ್ವನಿಯನ್ನು ಎತ್ತರದಲ್ಲಿ ಕಟ್ಟಿದ ಮೈಕ್‌ಸೆಟ್ಟಿನ ಸ್ಪೀಕರುಗಳ ಮೂಲಕ ಜನರಿಗೆ ತಲುಪಿಸುವುದು. ದೊಡ್ಡ ದೊಡ್ಡ ವಾದ್ಯಮೇಳಗಳೂ ಅನುಸರಿಸುವ ಕ್ರಮ ಇದೇ.

ಆದುದರಿಂದ ಮನೆಯ ಅಭ್ಯಾಸಕ್ಕೆ ೫ರಿಂದ ೨೦ ವ್ಯಾಟಿನ ಟ್ರಾನ್ಸಿಸ್ಟರ್ ಅಥವಾ ಡಿಜಿಟಲ್ ಯಂತ್ರ ಯಥೇಷ್ಟ. ಡ್ರಮ್ಮಿನ ಜೊತೆಯಲ್ಲಿ ನುಡಿಸುವವರಿಗೆ ೩೦ರಿಂದ ೫೦ ವ್ಯಾಟಿನ ಟ್ರಾನ್ಸಿಸ್ಟರ್ ಯಂತ್ರ ಇಲ್ಲವೆ ೧೫ ವ್ಯಾಟಿನ ವಾಲ್ವಿನ ಯಂತ್ರ ಸಾಕು. ವಾಲ್ವಿನ ವ್ಯಾಟು ದೊಡ್ಡದೇ ಎಂದು ಕೆಲವರು ಕೇಳಬಹುದು. ವ್ಯಾಟೆಲ್ಲ ಒಂದೇ. ವಾಲ್ವಿನ ಯಂತ್ರವನ್ನು ಅದರ ಮಿತಿಯವರೆಗೂ, ಮಿತಿಯಿಂದಾಚೆಗೂ ಇಂಪಾಗಿ ನುಡಿಸಬಹುದು. ಟ್ರಾನ್ಸಿಸ್ಟರಿನದನ್ನು ಮಿತಿಯಿಂದ ಈಚೆಗೆ ನಿಲ್ಲಿಸಬೇಕು. ವ್ಯತ್ಯಾಸವಿರುವುದು ಅಲ್ಲಿ.

ಹಾಡಿನ ಮೈಕಿಗೆ ಗಿಟಾರಿನ ಆಂಪ್ಲಿಫೈಯರನ್ನೇ ಬಳಸುವ ಆಸೆ ಬೇಡ. ಗಿಟಾರಿನ ಸ್ಪೀಕರು ಸುಮಾರು ೫,೦೦೦ ಆವೃತ್ತಿಯ ಮೇಲೆ ಬೇಗನೆ ಕುಗ್ಗುತ್ತದೆ. ‘ಸ’ದಂತಹ ವ್ಯಂಜನಗಳ ಸ್ಪಷ್ಟತೆ ಬಹುಪಾಲು ಅಡಗಿರುವುದು ಆ ಮೇಲಿನ ಆವೃತ್ತಿಗಳಲ್ಲಿ. ಮಾತು ಮಸುಕಾದರೆ ತತ್ತ್ವಪದದಲ್ಲಿ ಉಳಿಯುವುದೇನು? ಗಿಟಾರಿನ ಅಬ್ಬರ ಹಾಡಿನ ಅಕ್ಷರವನ್ನು ನುಂಗದಂತೆ ನೋಡಿಕೊಳ್ಳುವುದು ಎಷ್ಟೇ ಬೆಲೆಯ ಯಂತ್ರವಿದ್ದರೂ ನುಡಿಸುವವನ ಹೊಣೆ.

ನಮ್ಮ ಊರಿನ ವಿದ್ಯುತ್ತು

ಯಂತ್ರವನ್ನು ಆರಿಸುವಾಗ ಅದಕ್ಕೆ ಉಣಿಸುವ ವಿದ್ಯುತ್ತನ್ನೂ ನೆನೆಯಬೇಕು. ನಮ್ಮಲ್ಲಿ ಮನೆಗಳಿಗೆ ಬರುವುದು ೨೩೦ ವೋಲ್ಟ್, ೫೦ ಆವೃತ್ತಿಯ ವಿದ್ಯುತ್ತು. ಅಮೆರಿಕಕ್ಕಾಗಿ ತಯಾರಾದ ೧೨೦ ವೋಲ್ಟಿನ ಹಳೆಯ ಯಂತ್ರವನ್ನು ಅಗ್ಗವೆಂದು ಕೊಂಡು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದರೆ ಅದು ಸುಟ್ಟುಹೋಗುತ್ತದೆ. ಪೆಟ್ಟಿಗೆಯ ಹಿಂದಿನ ಫಲಕವನ್ನು ಮೊದಲು ಓದಿ. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜು ಇಳಿಯುವುದುಂಟು. ಹತ್ತರಲ್ಲೊಂದು ಭಾಗ ಇಳಿದರೆ ವಾಲ್ವನ್ನು ಕಾಯಿಸುವ ೬.೩ ವೋಲ್ಟು ೫.೭ಕ್ಕೆ ಇಳಿಯುತ್ತದೆ, ಎಲೆಕ್ಟ್ರಾನುಗಳ ಪ್ರವಾಹವೂ ಕುಗ್ಗಿ ನಾದ ಸೊರಗುತ್ತದೆ. ಅಂತಹ ಕಡೆ ಟ್ರಾನ್ಸಿಸ್ಟರ್ ಯಂತ್ರವೋ ಬ್ಯಾಟರಿಯಿಂದಲೂ ನಡೆಯುವ ಸಣ್ಣ ಯಂತ್ರವೋ ಹೆಚ್ಚು ನಂಬಿಕೆಗೆ ಅರ್ಹ.

‘ಹೂಂ’ ಎಂಬ ಗುಂಯ್ಗುಟ್ಟುವಿಕೆಗೂ ಈ ವಿದ್ಯುತ್ತೇ ಕಾರಣ. ಸುತ್ತಲಿನ ತಂತಿಗಳ ೫೦ ಆವೃತ್ತಿಯ ಕಾಂತಕ್ಷೇತ್ರವನ್ನೂ ಪಿಕಪ್ಪಿನ ಸುರುಳಿ ಗ್ರಹಿಸುತ್ತದೆ. ೧೯೫೫ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಇದಕ್ಕೊಂದು ಜಾಣ ಉಪಾಯ ಮಾಡಿದನು. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅವುಗಳ ಅಯಸ್ಕಾಂತದ ಧ್ರುವಗಳನ್ನೂ ಅದಲುಬದಲು ಮಾಡಿದನು. ಹೊರಗಿನ ಗದ್ದಲ ಎರಡರಲ್ಲಿಯೂ ವಿರುದ್ಧವಾಗಿ ಹುಟ್ಟಿ ಅಳಿದುಹೋಗುತ್ತದೆ. ತಂತಿಯ ಸಂಕೇತ ಮಾತ್ರ ಕೂಡಿಕೊಳ್ಳುತ್ತದೆ. ಅಂಗಡಿಯಲ್ಲಿ ಗುಂಯ್ಗುಟ್ಟುವಿಕೆ ಕೇಳಿಬಂದರೆ ಗಿಟಾರಿನ ವಯರನ್ನು ಕಿತ್ತು ನೋಡಿ. ನಿಂತರೆ ಕಾರಣವನ್ನು ಗಿಟಾರಿನಲ್ಲಿಯೋ ವಯರಿನಲ್ಲಿಯೋ ಹುಡುಕಬೇಕು, ನಿಲ್ಲದಿದ್ದರೆ ಆಂಪ್ಲಿಫೈಯರಿನಲ್ಲಿ.

ಮೂರನೆಯ ಪಿನ್ನು

ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಗಿಟಾರಿನ ತಂತಿಗಳು ವಯರಿನ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ, ಅಲ್ಲಿಂದ ಪ್ಲಗ್ಗಿನ ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಸೇರಿಕೊಂಡಿರುತ್ತವೆ. ಚೌಕಟ್ಟಿಗೆ ವಿದ್ಯುತ್ತು ತಗಲಿದರೆ ಅದು ಭೂಮಿಗೆ ಹರಿದು ಫ್ಯೂಸು ಹೋಗುತ್ತದೆ. ಗುಂಯ್ಗುಟ್ಟುವಿಕೆ ನಿಲ್ಲಲೆಂದೋ, ಎರಡು ತೂತಿನ ಸಾಕೆಟ್ಟಿಗೆ ಹೊಂದಲೆಂದೋ ಮೂರನೆಯ ಪಿನ್ನನ್ನು ಬಿಟ್ಟುಬಿಟ್ಟರೆ ಆ ದಾರಿ ಮುಚ್ಚುತ್ತದೆ. ನುಡಿಸುವವನ ದೇಹವೇ ದಾರಿಯಾಗುತ್ತದೆ. ಒಂದು ಕೈ ತಂತಿಯ ಮೇಲೆ, ತುಟಿಯೋ ಇನ್ನೊಂದು ಕೈಯೋ ಮೈಕಿನ ಮೇಲೆ ಇದ್ದಾಗ ಪ್ರವಾಹ ಎದೆಯ ಮೂಲಕವೇ ಹಾಯುತ್ತದೆ. ಬ್ರಿಟನ್ನಿನ ‘ಸ್ಟೋನ್ ದ ಕ್ರೋಸ್’ ವಾದ್ಯವೃಂದದ ಗಿಟಾರುವಾದಕ ಲೆಸ್ಲಿ ಹಾರ್ವೆ ೧೯೭೨ರ ಮೇ ತಿಂಗಳಲ್ಲಿ ಸ್ವಾನ್ಸಿಯ ವೇದಿಕೆಯ ಮೇಲೆ, ಸರಿಯಾಗಿ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ಹೀಗೆಯೇ ಮರಣ ಹೊಂದಿದನು.

ಚಪ್ಪರದ ಹಸಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಹಾಡುವ ನಮ್ಮಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಗಿಟಾರಿನ ಯಂತ್ರಕ್ಕೂ ಮೈಕ್‌ಸೆಟ್ಟಿಗೂ ಸರಿಯಾದ ಅರ್ಥಿಂಗ್ ಇರುವ ಒಂದೇ ಕಡೆಯಿಂದ ವಿದ್ಯುತ್ತು ಪಡೆಯುವುದು ಕ್ಷೇಮ. ಸೋರಿಕೆ ೩೦ ಮಿಲಿ ಆಂಪಿಯರ್ ತಲುಪುವಷ್ಟರಲ್ಲಿ ತಾನಾಗಿ ವಿದ್ಯುತ್ತನ್ನು ಕಡಿಯುವ ರಕ್ಷಕ ಸ್ವಿಚ್ಚು ದೊರೆಯುತ್ತದೆ. ಅದರ ಬೆಲೆ ಆಂಪ್ಲಿಫೈಯರಿನ ಬೆಲೆಯ ಮುಂದೆ ಅಲ್ಪ. ವಾಲ್ವಿನ ಯಂತ್ರದೊಳಗೆ ೨೫೦ರಿಂದ ೪೫೦ ವೋಲ್ಟಿನವರೆಗೆ ವಿದ್ಯುತ್ತಿರುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದು ಧಾರಕಗಳಲ್ಲಿ ಉಳಿದಿರಬಲ್ಲದು. ಕುತೂಹಲದಿಂದ ಮುಚ್ಚಳ ತೆಗೆಯಬಾರದು.

ಕಿವಿಗೂ ಇಂತಹುದೇ ಮಿತಿಯಿದೆ. ೮೫ ಡೆಸಿಬೆಲ್ ಧ್ವನಿಯಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದೆಂಬುದು ತಜ್ಞರು ಒಪ್ಪಿದ ಒಂದು ಅಳತೆ. ಪ್ರತಿ ೩ ಡೆಸಿಬೆಲ್ಲಿಗೆ ಕಾಲ ಅರ್ಧವಾಗುತ್ತದೆ. ೯೪ರಲ್ಲಿ ಒಂದು ಗಂಟೆ, ೧೦೦ರಲ್ಲಿ ಕಾಲು ಗಂಟೆ, ೧೦೬ರಲ್ಲಿ ನಾಲ್ಕು ನಿಮಿಷವೂ ಇಲ್ಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಬೆಳೆಯುವುದಿಲ್ಲ. ನೆರೆಯವರ ನಿದ್ರೆಯ ಮಾತೂ ಇದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು.

ಅಂಗಡಿಯಲ್ಲಿ ಪರೀಕ್ಷೆ

ಕೊಳ್ಳಲು ಹೋಗುವಾಗ ನಿಮ್ಮ ಗಿಟಾರನ್ನೇ ಒಯ್ಯಿರಿ. ಅಂಗಡಿಯ ದುಬಾರಿ ಗಿಟಾರಿನಲ್ಲಿ ಎಲ್ಲ ಯಂತ್ರಗಳೂ ಇಂಪಾಗಿಯೇ ಕೇಳಿಸುತ್ತವೆ. ಮೊದಲು ಯಾವ ವಿಶೇಷ ಪರಿಣಾಮವನ್ನೂ ಸೇರಿಸದೆ, ಮನೆಯಲ್ಲಿ ನುಡಿಸುವಷ್ಟೇ ಮೆಲುದನಿಯಲ್ಲಿ ನುಡಿಸಿ. ಬಳಿಕ ಮೆಲ್ಲನೆ ಏರಿಸುತ್ತ ದನಿ ಎಲ್ಲಿ ಒಡೆಯಲಾರಂಭಿಸುವುದೆಂದು ನೋಡಿ. ಎರಡು ಯಂತ್ರಗಳನ್ನು ಹೋಲಿಸುವಾಗ ಎರಡರ ಗಟ್ಟಿತನವನ್ನೂ ಸಮಗೊಳಿಸಿ. ಕೊಂಚ ಗಟ್ಟಿಯಾದುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಗೆಳೆಯನಿಗೆ ನುಡಿಸಲು ಹೇಳಿ ನೀವು ಹತ್ತು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ನಿಂತು ಕೇಳಿ. ಹೆಸರು, ಬಣ್ಣ, ಬೆಲೆ ಯಾವುದೂ ಆಗ ಕಾಣುವುದಿಲ್ಲ. ಎಂಟು ಅಂಗುಲದ ಸ್ಪೀಕರಿಗಿಂತ ಹನ್ನೆರಡು ಅಂಗುಲದ್ದು ಸಾಮಾನ್ಯವಾಗಿ ಮಂದ್ರವನ್ನು ತುಂಬಿ ಕೊಡುತ್ತದೆ. ಆದರೆ ಬಸ್ಸಿನಲ್ಲಿ ಒಯ್ಯಬೇಕಾದವರು ತೂಕವನ್ನೂ ಎತ್ತಿ ನೋಡಬೇಕು. ಬೇರೆ ಸ್ಪೀಕರು ಜೋಡಿಸುವುದಾದರೆ ಯಂತ್ರದ ಮೇಲೆ ಬರೆದಿರುವ ಓಮಿಗೆ ಹೊಂದಿಸಿ. ಸ್ಪೀಕರು ಜೋಡಿಸದೆ ವಾಲ್ವಿನ ಯಂತ್ರವನ್ನು ನುಡಿಸಿದರೆ ಅದರ ಟ್ರಾನ್ಸ್‌ಫಾರ್ಮರು ಹಾಳಾಗಬಹುದು.

ಕೊಳ್ಳುವ ಮೊದಲು ಒಂದು ಸಣ್ಣ ಪ್ರಯೋಗವನ್ನೂ ಮಾಡಿ ನೋಡಬಹುದು. ದಂಡಕಾಂತವೊಂದರ ಸುತ್ತ ಎನಾಮೆಲ್ ಹೊದಿಸಿದ ತೆಳು ತಾಮ್ರದ ತಂತಿಯನ್ನು ಸಾವಿರ ಸುತ್ತು ಸುತ್ತಿ, ಅದರ ಎರಡು ತುದಿಗಳನ್ನು ಬ್ಯಾಟರಿಯಿಂದ ನಡೆಯುವ ಸಣ್ಣ ಆಂಪ್ಲಿಫೈಯರಿನ ಮೈಕಿನ ದ್ವಾರಕ್ಕೆ ಸೇರಿಸಿ. ಹಲಗೆಯ ಮೇಲೆ ಬಿಗಿದ ಉಕ್ಕಿನ ತಂತಿಯನ್ನು ಅಯಸ್ಕಾಂತದ ತುದಿಯ ಹತ್ತಿರ ಮೀಟಿ. ಸ್ಪೀಕರಿನಲ್ಲಿ ಸ್ವರ ಕೇಳಿಬರುವುದು. ಅದೇ ಜಾಗದಲ್ಲಿ ಹಿತ್ತಾಳೆಯ ತಂತಿಯನ್ನು ಬಿಗಿದು ಮೀಟಿ, ಯಂತ್ರ ಸುಮ್ಮನಾಗುವುದು. ಕಾರಣವನ್ನು ಗೆಳೆಯರಿಗೆ ವಿವರಿಸಬಲ್ಲಿರಾದರೆ, ಅಂಗಡಿಯವನ ಮುಂದೆ ನಿಂತು ಎಷ್ಟು ವ್ಯಾಟೆಂದು ಕೇಳುವ ಬದಲು, ಸ್ಪೀಕರಿನ ಸಂವೇದನೆ ಎಷ್ಟು, ಅರ್ಥಿಂಗ್ ಸರಿಯಾಗಿದೆಯೇ ಎಂದು ಕೇಳುವ ಗ್ರಾಹಕರು ನೀವಾಗಿರುತ್ತೀರಿ.